ಉಷಮ್ಮನ ಯೂನಿಟ್ಟಿಗೆ ಹುಳದ ಜ್ವರ

ಉಷಾ ಯೂನಿಟ್ ಇನ್‌ಚಾರ್ಜ್ ಆದದ್ದು ಹಲ್ಲುನೋವಿನ ದೆಸೆಯಿಂದ.

ಆಂಧ್ರದ ಗಡಿಯೊಳಗಿನ ರಾಯದುರ್ಗದಲ್ಲಿ, ಕೋಟೆಗುಡ್ಡದ ಕೆಳಗಿನ ಓಣಿಯೊಂದರಲ್ಲಿ ಚಂದ್ರಶೇಖರಯ್ಯನವರ ಜೀನ್ಸ್ ಹೊಲಿಯುವ ಯೂನಿಟ್ಟಿದೆ. ಉಷಾ ಮದುವೆಯಾಗಿ ಆ ಊರಿಗೆ ಬಂದ ವರ್ಷವೇ ಅಲ್ಲಿ ಕೆಲಸಕ್ಕೆ ಸೇರಿ, ಮೊದಲು ಜೇಬು, ಆಮೇಲೆ ಸೊಂಟಪಟ್ಟಿ, ಆಮೇಲೆ ಚೆಕಿಂಗ್ ಟೇಬಲ್ಲು ಅಂತ ಮೆಟ್ಟಿಲು ಹತ್ತಿದವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಸಾಲು ಮಷೀನುಗಳು ಒಟ್ಟಿಗೆ ಗುರ್ರೆನ್ನುವಾಗಲೂ ಆ ಮೂಲೆಯಿಂದ ಈ ಮೂಲೆಗೆ ಕೇಳುವ ಗಂಟಲು ಅವಳದು. ಅವಳು ರಜಾ ಹಾಕಿದ ದಿನ ಯೂನಿಟ್ಟಿನವರಿಗೆ ಕಿವಿಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು.

ಚಂದ್ರಶೇಖರಯ್ಯನವರು ಒಳ್ಳೆಯ ಮನುಷ್ಯ. ಇತ್ತೀಚೆಗೆ ಅವರಿಗೊಂದು ಚಟ ಹತ್ತಿಕೊಂಡಿತ್ತು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡವರೇ ಫೋನು ತೆಗೆದು, ಕೋಟು ಹಾಕಿದ ಒಬ್ಬಾತ ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ ತೆಲುಗಿನಲ್ಲಿ ನಾಯಕತ್ವದ ಪಾಠ ಹೇಳುವ ವಿಡಿಯೊ ನೋಡುವುದು. ಸಿಂಹ ಏನು ಮಾಡುತ್ತದೆ, ಹದ್ದು ಏನು ಮಾಡುತ್ತದೆ, ಅದನ್ನು ನೋಡಿ ಮ್ಯಾನೇಜರನಾದವನು ಏನು ಮಾಡಬೇಕು ಎನ್ನುವುದು ಅದರ ಸಾರ. ಬೆಳಿಗ್ಗೆ ನೋಡಿದ್ದನ್ನು ಮಧ್ಯಾಹ್ನದೊಳಗೆ ಯೂನಿಟ್ಟಿನಲ್ಲಿ ಜಾರಿಗೆ ತರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹದ್ದಿನ ವಿಡಿಯೊ ಬಂದ ದಿನ ಮಾಳಿಗೆಯ ಮೇಲೊಂದು ಕುರ್ಚಿ ಹಾಕಿಸಿಕೊಂಡು ಕೂತು, ಕೆಳಗೆ ನಡೆಯುವುದೇನೂ ಕಾಣದೆ, ಬಿಸಿಲಿಗೆ ಬೆಂದು ಇಳಿದು ಬಂದಿದ್ದರು.

ಮಡಕಶಿರದಲ್ಲಿ ಇನ್ನೊಂದು ಯೂನಿಟ್ಟು ತೆಗೆಯುವುದು ಅಂತ ತೀರ್ಮಾನವಾದ ದಿನ ಬಂದ ವಿಡಿಯೊದಲ್ಲಿ ಕೋಟಿನವನು ಹೇಳಿದ್ದು ಇದು: ನಿಜವಾದ ನಾಯಕ ಮಾತಾಡುವುದಿಲ್ಲ, ಎಲ್ಲರೂ ಮಾತಾಡುವಾಗ ಅವನೊಬ್ಬ ಸುಮ್ಮನಿರುತ್ತಾನೆ, ಹುಡುಕಿ ನೋಡಿ. ಚಂದ್ರಶೇಖರಯ್ಯನವರು ಹುಡುಕಲು ಹೊರಟರು. ಎಲ್ಲರನ್ನೂ ಸೇರಿಸಿ, ಮಡಕಶಿರದ ಯೂನಿಟ್ಟು ನೋಡಿಕೊಳ್ಳಲು ಯಾರು ಹೋಗುತ್ತೀರಿ ಅಂತ ಕೇಳಿದರು. ಸೂಪರ್‌ವೈಸರ್ ಸುಂಕಪ್ಪ ತನ್ನ ಹಿರಿತನವನ್ನು ಬಿಡಿಸಿ ಬಿಡಿಸಿ ಹೇಳಿದ. ಕಟಿಂಗ್ ಮಾಸ್ತರು ತನ್ನ ಅನುಭವ ಹೇಳಿದ. ಹೋಗಲಾರೆ ಎನ್ನುವವರೂ ಅದನ್ನು ಉದ್ದವಾಗಿಯೇ ಹೇಳಿದರು. ಉಷಾ ಒಬ್ಬಳು ಕೆನ್ನೆಗೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಹಿಂದಿನ ದಿನ ಅವಳ ದವಡೆ ಹಲ್ಲು ಕಿತ್ತಿದ್ದರು. ಬಾಯಲ್ಲಿ ಹತ್ತಿಯಿತ್ತು.

"ನೀವೇನಂತೀರಿ ಉಷಮ್ಮ?" ಅಂದರು ಚಂದ್ರಶೇಖರಯ್ಯ.

ನನ್ನನ್ನು ಬಿಟ್ಟುಬಿಡಿ ಎನ್ನುವ ಅರ್ಥದಲ್ಲಿ ಉಷಾ ತಲೆಯಾಡಿಸಿದಳು. ಅವರು ಅದನ್ನು ವಿನಯವೆಂದು ತಿಳಿದರು. ಬಾಯಿಂದ ಹತ್ತಿ ತೆಗೆಯುವ ಹೊತ್ತಿಗೆ ಮಡಕಶಿರದಲ್ಲಿ ಅವಳಿಗೆ ಬಾಡಿಗೆ ರೂಮು ಗೊತ್ತಾಗಿತ್ತು.

ಅವಳ ಗಂಡ ಮಾರೇಶ ಸ್ಟೇಷನ್ ರಸ್ತೆಯಲ್ಲಿ ಆಟೋ ಓಡಿಸುತ್ತಾನೆ. ಸಿನಿಮಾ ಹುಚ್ಚಿನವನು, ದೊಡ್ಡ ಹೀರೋಗಳ ಸಿನಿಮಾ ಬಂದರೆ ಮೊದಲ ಆಟಕ್ಕೆ ಹೋಗದೆ ಇದ್ದವನಲ್ಲ. ಹೆಂಡತಿ ಆಫೀಸರಳಾದಳೆಂದು ಅವನು ಓಣಿಗೆಲ್ಲ ಮಿರ್ಚಿ ಬಜ್ಜಿ ಹಂಚಿದ. ಮಗಳು ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳಾದ್ದರಿಂದ ಹೊರಡಲು ದೊಡ್ಡ ತೊಡಕೇನೂ ಇರಲಿಲ್ಲ. ಒಂದು ಸೋಮವಾರ ಉಷಾ ಬ್ಯಾಗು ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಸೊಂಟ ಹಿಡಿದುಕೊಂಡು ಮಡಕಶಿರದಲ್ಲಿ ಇಳಿದಳು.

ಹೊಸ ಯೂನಿಟ್ಟು ಮೊದಲು ಕಡಲೆಕಾಯಿ ಗೋಡೌನಾಗಿತ್ತು. ಸುಣ್ಣ ಬಳಿದಿದ್ದರೂ ಒಳಗೆ ಕಡಲೆಕಾಯಿಯ ವಾಸನೆ ಹೋಗಿರಲಿಲ್ಲ. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ರೊಳ್ಳದ ಕಡೆಯ ಹಳ್ಳಿಯ ಹೆಂಗಸರು. ಮಷೀನು ತುಳಿಯುವುದನ್ನು ಸರ್ಕಾರದ ತರಬೇತಿಯಲ್ಲಿ ಕಲಿತಿದ್ದರು. ಉಷಾ ಬಾಗಿಲಲ್ಲಿ ನಿಂತು ಅವರನ್ನು ಬರಮಾಡಿಕೊಂಡಳು.

"ಬರ್ರಿ, ಒಳಗ ಬರ್ರಿ. ಕುಂದರ್ರಿ. ನಿಮ್ಮ ಹೆಸರೇನ್ರಿ?"

ಮುಂದೆ ನಿಂತಿದ್ದ ಈಶ್ವರಮ್ಮ ಹಿಂದಕ್ಕೆ ತಿರುಗಿ ನೋಡಿದಳು. ಗುಂಪಿನಲ್ಲಿ ಅವಳೇ ಹಿರಿಯಳು, ಮೊಮ್ಮಕ್ಕಳನ್ನು ಕಂಡವಳು. ಹಿಂದೆ ಯಾವ ದೊಡ್ಡ ಮನುಷ್ಯರೂ ಕಾಣಲಿಲ್ಲ.

"ಯಾರನ್ನ ಕರೀತಿದೀಯಮ್ಮ?"

"ನಿಮ್ಮನ್ನರೀ."

"ನಾನೊಬ್ಳೇ ಕಣಮ್ಮ ಇರೋದು," ಅಂದಳು ಈಶ್ವರಮ್ಮ.

ಉಷಾಳ 'ರಿ' ಆ ಹೆಂಗಸರಿಗೆ ಬಹಳ ದಿನ ಒಗ್ಗಲಿಲ್ಲ. ಹಳ್ಳಿಯಲ್ಲಿ ಅವರನ್ನು ಯಾರೂ ಹಾಗೆ ಕರೆದವರಲ್ಲ. ಮೇಡಂ ತಮಾಷೆ ಮಾಡುತ್ತಿದ್ದಾಳೆ ಅಂತ ಕೆಲವರು, ತಮ್ಮನ್ನು ಕಂಡರೆ ಹೆದರುತ್ತಾಳೆ ಅಂತ ಕೆಲವರು ತಿಳಿದರು. ಹೆದರುತ್ತಾಳೆ ಎನ್ನುವುದೇ ಹೆಚ್ಚು ಮಂದಿಗೆ ಸರಿಯೆನ್ನಿಸಿತು. ಹೆದರುವ ಮೇಡಮ್ಮಿನ ಯೂನಿಟ್ಟಿಗೆ ಎಷ್ಟು ಹೊತ್ತಿಗೆ ಬಂದರೂ ನಡೆಯುತ್ತದೆ. ಬೆಳಗಿನ ಬಸ್ಸಿಗೆ ಬರಬೇಕಾದವರು ಅದರ ಮುಂದಿನ ಬಸ್ಸಿಗೆ ಬರತೊಡಗಿದರು.

ಬರುವವರು ತಡವಾಗಿಯಾದರೂ ಬರುತ್ತಿದ್ದರು. ನಾಗಕ್ಕನದು ಮಾತ್ರ ಉಷಾಳಿಗೆ ಬಗೆಹರಿಯದ ಒಗಟು. ಸೊಂಟಪಟ್ಟಿ ಕೂರಿಸುವುದರಲ್ಲಿ ನಾಗಕ್ಕನ ಕೈ ಇಡೀ ಗೋಡೌನಿಗೇ ಮೇಲು. ಅವಳು ಬಾರದಿದ್ದರೆ ಹಿಂದಿನವರೆಲ್ಲ ಹೊಲಿದು ಕೊಟ್ಟ ಪ್ಯಾಂಟುಗಳು ಅವಳ ಮಷೀನಿನ ಮುಂದೆ ಗುಡ್ಡೆ ಬೀಳುತ್ತಿದ್ದವು. ಒಂದು ದಿನ ಬಾರದೆ ಮರುದಿನ ಬಂದವಳನ್ನು ಉಷಾ ಕರೆದು ಕೇಳಿದಳು.

"ಯಾಕ ಬರ್ಲಿಲ್ರಿ ನಿನ್ನೆ?"

"ಜ್ವರ ಬಿಡ್ತಲ್ಲಮ್ಮ, ಅದಕ್ಕೆ ಬರ್ಲಿಲ್ಲ."

ಉಷಾಳಿಗೆ ಕಿವಿಯ ಮೇಲೆ ಅನುಮಾನ ಬಂತು. "ಜ್ವರ ಬಂದಿತ್ತಾ?"

"ಮೊನ್ನೆ ಜ್ವರ ಇತ್ತು. ಮೊನ್ನೆ ಬಂದಿದ್ನಲ್ಲ ಕೆಲಸಕ್ಕೆ."

"ಜ್ವರ ಇದ್ದಾಗ ಬಂದು, ಬಿಟ್ಟ ಮ್ಯಾಲೆ ಮನಿಯಾಗ ಕುಂತ್ರಾ?"

"ಕೂತಿದ್ನಾ? ನಿಲ್ಲಾಕೂ ಹೊತ್ತಿರ್ಲಿಲ್ಲ ಕಣಮ್ಮ."

ಉಷಾ ಅವಳ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು. "ಜ್ವರ ಯಾರಿಗ್ರಿ?"

"ಹುಳಕ್ಕೆ."

ಉಷಾ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡಳು. ಪಾಪ, ಮನೆಯಲ್ಲಿ ಮಕ್ಕಳಿಗೆ ಹೊಟ್ಟೆಹುಳ, ಅದರಿಂದ ಜ್ವರ, ಬಾಯಿಬಿಟ್ಟು ಹೇಳಲು ನಾಚಿಕೆ. ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಬಳಿ ಔಷಧಿ ಅಂಗಡಿಗೆ ಹೋಗಿ ಹೊಟ್ಟೆಹುಳದ ಮಾತ್ರೆ ತಂದು, ಯಾರೂ ನೋಡದ ಹಾಗೆ ನಾಗಕ್ಕನ ಕೈಯಲ್ಲಿಟ್ಟಳು. ನಾಗಕ್ಕ ಮಾತ್ರೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಹಳ ಗೌರವದಿಂದ ಕೇಳಿದಳು.

"ಇದನ್ನ ಪುಡಿ ಮಾಡಿ ಸೊಪ್ಪಿಗೆ ಹಾಕ್ಬೇಕೇನಮ್ಮ?"

ಪಕ್ಕದ ಮಷೀನಿನ ಶೃತಿ ಕಾಲೇಜಿನಲ್ಲಿ ಇಂಟರ್ ಓದಿದವಳು. ಬಿದ್ದು ಬಿದ್ದು ನಕ್ಕು, ಆಮೇಲೆ ಬಿಡಿಸಿ ಹೇಳಿದಳು. ಹುಳವೆಂದರೆ ರೇಷ್ಮೆ ಹುಳ. ಅದು ಬೆಳೆಯುವಾಗ ನಾಲ್ಕು ಸಲ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಮರಗಟ್ಟಿದಂತೆ ಕೂತು ಚರ್ಮ ಕಳಚುತ್ತದೆ. ಅದಕ್ಕೇ ಜ್ವರ ಅನ್ನುವುದು. ಜ್ವರಕ್ಕೆ ಕೂತಾಗ ಸೊಪ್ಪು ಹಾಕುವ ಹಾಗಿಲ್ಲ, ಮನೆಯವರಿಗೆ ಬಿಡುವು. ಜ್ವರ ಬಿಟ್ಟು ಎದ್ದವೋ, ಹಸಿದ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತಂದು ಸುರಿದಷ್ಟೂ ಸಾಲದು.

ಸಂಜೆಯೊಳಗೆ ಮಾತ್ರೆಯ ಕಥೆ ಎಲ್ಲರಿಗೂ ಗೊತ್ತಾಯಿತು. ಬಸ್ಸಿನಲ್ಲಿ ರೊಳ್ಳದವರೆಗೂ ಅದೇ ಮಾತಂತೆ. ಉಷಾಳಿಗೆ ಅವಮಾನವಾಯಿತು. ಹುಳದ ವಿಷಯ ಇನ್ನಷ್ಟು ತಿಳಿದುಕೊಳ್ಳೋಣ ಅಂತ ಅವಳಿಗೆ ಅನ್ನಿಸಲಿಲ್ಲ, ಇವರಿಗೆ ಸಲಿಗೆ ಹೆಚ್ಚಾಯಿತು ಅಂತಲೇ ಅನ್ನಿಸಿತು. ಭಾನುವಾರ ರಾಯದುರ್ಗಕ್ಕೆ ಹೋದವಳು ಗಂಡನ ಮುಂದೆ ಕಣ್ಣೀರು ಹಾಕಿದಳು.

ಮಾರೇಶ ಇದಕ್ಕೇ ಕಾದವನಂತೆ ಆಟೋದ ಚಾವಿ ಪಕ್ಕಕ್ಕಿಟ್ಟು ಕೂತ.

"ನಿಂದು ಎಂಟ್ರಿನ ಸರಿ ಇಲ್ಲ ನೋಡು. ಹೀರೋ ಮೊದಲ ಸೀನಿನಾಗ ಬಾಗಿಲಿಗೆ ನಿಂತು ಬರ್ರಿ ಬರ್ರಿ ಅಂತಾನೇನು? ಎಲ್ಲಾರೂ ಬಂದು ನಿಂತಿರಬೇಕು, ಆಮ್ಯಾಲೆ ಅವ ಬರಬೇಕು. ಮೊದಲು ಕಾಲು ತೋರಸ್ತಾರ, ಮುಖ ಆಮ್ಯಾಲೆ."

"ನನ್ನ ಕಾಲು ಯಾರು ನೋಡ್ತಾರ್ರಿ?"

"ನೋಡೋ ಹಂಗ ನಡೀಬೇಕು. ನಿಧಾನಕ. ಕೂಲಿಂಗ್ ಗ್ಲಾಸ್ ಹಾಕ್ಕೋ. ಒಂದ ಡೈಲಾಗ್ ಹೊಡಿ, ಒಳಗ ಹೋಗು. ತಿರುಗಿ ನೋಡಬ್ಯಾಡ."

ಡೈಲಾಗನ್ನೂ ಅವನೇ ಆರಿಸಿ ಕೊಟ್ಟ. ಆಗ ತಾನೆ ಭರ್ಜರಿಯಾಗಿ ಓಡಿದ್ದ ಒಂದು ತೆಲುಗು ಸಿನಿಮಾದಲ್ಲಿ ಹೀರೋ ಪೊಲೀಸ್ ಸ್ಟೇಷನ್ನಿಗೆ ತಡವಾಗಿ ಬಂದು ಹೊಡೆಯುವ ಡೈಲಾಗು. ತಡವಾಗಿ ಬರುವವರ ವಿಷಯಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಾರದು ಅಂತ ಅವನ ವಾದ. ಉಷಾ ಅಡಿಗೆ ಮಾಡುತ್ತ, ಬಟ್ಟೆ ಒಗೆಯುತ್ತ ಅದನ್ನು ಬಾಯಿಪಾಠ ಮಾಡಿದಳು. ಅರ್ಥದ ಕಡೆಗೆ ಗಮನ ಹೋಗಲಿಲ್ಲ.

ಮರುದಿನ ಅವಳು ಯೂನಿಟ್ಟಿನ ಬಾಗಿಲು ಮುಚ್ಚಿಸಿ, ಎದುರಿನ ಟೀ ಅಂಗಡಿಯ ಮರೆಯಲ್ಲಿ ನಿಂತಳು. ಹೆಂಗಸರು ಎರಡನೇ ಬಸ್ಸಿಗೆ ಬಂದು ಬಾಗಿಲ ಮುಂದೆ ಗುಂಪು ಕೂಡಿದರು. ಆಗ ಉಷಾ ಕಪ್ಪು ಕನ್ನಡಕ ಹಾಕಿಕೊಂಡು ನಿಧಾನವಾಗಿ ರಸ್ತೆ ದಾಟಿದಳು. ಕನ್ನಡಕದಲ್ಲಿ ಮೋರಿಯ ಕಲ್ಲು ಸರಿಯಾಗಿ ಕಾಣದೆ ಮುಗ್ಗರಿಸಿದರೂ ಸಾವರಿಸಿಕೊಂಡು ಬಂದು ನಿಂತಳು. ಸೆರಗು ಸರಿಮಾಡಿಕೊಂಡು, ಗಂಟಲು ದಪ್ಪ ಮಾಡಿ ಹೇಳಿದಳು:

"ನೇನು ಟೈಮ್ ಚೂಡನು."

ಮುಂದಿನದು ಬಾಯಿಗೆ ಬರುವಷ್ಟರಲ್ಲಿ ಗುಂಪಿನ ಹಿಂದಿನಿಂದ ಶೃತಿ, ಅವಳ ಜೊತೆಗೆ ಇನ್ನೂ ನಾಲ್ಕಾರು ದನಿಗಳು, ಒಂದೇ ರಾಗದಲ್ಲಿ ಮುಗಿಸಿದವು: "ಟೈಮೇ ನನ್ನು ಚೂಸಿ ನಡುಸ್ತುಂದಿ."

ನಾನು ಟೈಮು ನೋಡುವುದಿಲ್ಲ, ಟೈಮೇ ನನ್ನನ್ನು ನೋಡಿಕೊಂಡು ನಡೆಯುತ್ತದೆ ಅಂತ ಅದರ ಅರ್ಥ. ಆ ಸಿನಿಮಾ ಮಡಕಶಿರಕ್ಕೂ ಬಂದಿತ್ತು.

"ಮತ್ತೆ ನಮಗ್ಯಾಕೆ ಮೇಡಂ ಟೈಮು?" ಅಂದಳು ಶೃತಿ, ಕಪಟವಿಲ್ಲದ ಮುಖ ಮಾಡಿಕೊಂಡು.

ಉಷಾ ತಿರುಗಿ ನೋಡದೆ ಒಳಗೆ ಹೋಗಬೇಕಾಗಿತ್ತು. ಬಾಗಿಲಿಗೆ ಹಾಕಿದ್ದ ಬೀಗದ ಕೈ ಟೀ ಅಂಗಡಿಯಲ್ಲಿ ಉಳಿದಿತ್ತು.

ಈ ಪ್ರಸಂಗವನ್ನೆಲ್ಲ ಕಟ್ಟೆಯ ಮೇಲೆ ಕೂತು ನೋಡಿದವನು ದೊಡ್ಡರಂಗಪ್ಪ. ಹೊಲಿದ ಪ್ಯಾಂಟಿಗೆ ಇಸ್ತ್ರಿ ಮಾಡುವುದು ಅವನ ಕೆಲಸ. ಅದು ಹೊಟ್ಟೆಪಾಡು ಮಾತ್ರ ಅಂತ ಅವನ ಹೇಳಿಕೆ. ನಿಜವಾದ ಉದ್ಯೋಗ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಕಟ್ಟುವುದು. ಮೂವತ್ತು ವರ್ಷದಿಂದ ಕಿರೀಟ ಇಟ್ಟು ಇಟ್ಟು ಹಣೆಯ ಮೇಲೆ ಗೆರೆ ಬಿದ್ದಿತ್ತು. ಇಸ್ತ್ರಿಪೆಟ್ಟಿಗೆಯನ್ನು ಅವನು ಗದೆಯಂತೆ ಎತ್ತಿ ಇಡುತ್ತಿದ್ದ.

"ಮೇಡಂ, ನೀವು ತಪ್ಪು ತಿಳೀಬಾರ್ದು. ನಿಮ್ಮದು ಪ್ರವೇಶ ಕೆಟ್ಟಿಲ್ಲ, ಶಾರೀರ ಕೆಟ್ಟೈತೆ," ಅಂದ. "ಸಿನಿಮಾದೋರಿಗೆ ಹಿಂದೆ ಮ್ಯೂಸಿಕ್ ಕೊಡ್ತಾರೆ. ನಮಗೆ ಕೊಡೋರು ಯಾರು? ಹೊಕ್ಕುಳಿಂದ ಬರ್ಬೇಕು ದನಿ. ರಾಜ ಅಂದ್ರೆ ಮೊದ್ಲು ನಗಬೇಕು. ಆ ನಗೆ ಕೇಳಿದ್ರೇನೆ ಸಭೆ ನಡುಗ್ಬೇಕು. ಆಮೇಲೆ ಮಾತು."

ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಎರಡು ದಿನ ಊಟದ ಬಿಡುವಿನಲ್ಲಿ, ಗೋಡೌನಿನ ಹಿಂದೆ, ದೊಡ್ಡರಂಗಪ್ಪ ಅವಳಿಗೆ ರಾಜನ ನಗೆ ಕಲಿಸಿದ. ಮೂರನೆಯ ದಿನ ಹೆಂಗಸರು ಮಷೀನು ಬಿಟ್ಟು ಹರಟುತ್ತಿರುವುದನ್ನು ಕಂಡು, ಉಷಾ ಸೊಂಟಕ್ಕೆ ಕೈಯಿಟ್ಟು, ಹೊಕ್ಕುಳಿಂದ ಎತ್ತಿ ನಕ್ಕಳು. ಸಭೆ ನಡುಗಿದ್ದು ನಿಜ. ಈಶ್ವರಮ್ಮ ಚೊಂಬು ಹಿಡಿದು ಓಡಿ ಬಂದು ಅವಳ ನೆತ್ತಿಗೆ ನೀರು ತಟ್ಟಿದಳು. ಇನ್ನೊಬ್ಬಳು ಮೂರ್ಛೆ ಹಿಡಿದಿದೆಯೆಂದು, ಕೈಯಲ್ಲಿ ಕಬ್ಬಿಣ ಹಿಡಿಸಲು ಕತ್ತರಿ ತಂದಳು. ಅವಳನ್ನು ಚಾಪೆಯ ಮೇಲೆ ಮಲಗಿಸಿ, ಗಾಳಿ ಹಾಕಿ, ಬಿಸಿಲಿನಲ್ಲಿ ಓಡಾಡಬೇಡ ಕಣಮ್ಮ ಅಂತ ಬುದ್ಧಿ ಹೇಳಿದರು. ಉಷಾ ಕಣ್ಣು ಮುಚ್ಚಿ ಮಲಗಿಯೇ ಇದ್ದಳು. ಏಳುವುದಕ್ಕಿಂತ ಅದೇ ಮೇಲೆನ್ನಿಸಿತು.

ಹೀಗೆ ಎರಡು ತಿಂಗಳು ಕಳೆದವು. ಮೊದಲ ದೊಡ್ಡ ಆರ್ಡರಿನ ಸರಕು ಹೊರಡುವ ಕಾಲ ಬಂತು. ಗುರುವಾರ ಲಾರಿ ಬರುತ್ತದೆ, ಅದಕ್ಕೆ ಮುಂಚೆ ಮಂಗಳವಾರ ತಾನೇ ಬಂದು ನೋಡುತ್ತೇನೆ ಅಂತ ಚಂದ್ರಶೇಖರಯ್ಯ ಫೋನು ಮಾಡಿದರು. ಸೊಂಟಪಟ್ಟಿಯ ಕೆಲಸ ಇನ್ನೂ ಬಹಳ ಉಳಿದಿತ್ತು. ಉಷಾ ಎಲ್ಲರಿಗೂ ಕೈಮುಗಿದು ಹೇಳಿದಳು: ಮಂಗಳವಾರ ಒಂದು ದಿನ ಯಾರೂ ತಪ್ಪಿಸಬೇಡಿರಿ. ಎಲ್ಲರೂ ತಲೆಯಾಡಿಸಿದರು.

ಮಂಗಳವಾರ ಮೊದಲ ಬಸ್ಸು ಬಂತು. ಯಾರೂ ಇಳಿಯಲಿಲ್ಲ. ಎರಡನೆಯದು ಬಂತು. ದೊಡ್ಡರಂಗಪ್ಪನೂ ಪೇಟೆಯಲ್ಲೇ ಇರುವ ಒಂದಿಬ್ಬರೂ ಬಿಟ್ಟರೆ ಗೋಡೌನಿನಲ್ಲಿ ಯಾರೂ ಇಲ್ಲ. ಶೃತಿಗೆ ಫೋನು ಮಾಡಿದರೆ ಎತ್ತಲಿಲ್ಲ. ಕೊನೆಗೆ ಬಸ್ಸಿನ ಕಂಡಕ್ಟರನೇ ತಲೆ ಹೊರಗೆ ಹಾಕಿ ಸುದ್ದಿ ಕೊಟ್ಟ.

"ನಾಗಕ್ಕನ ಮನೇಲಿ ಹುಳ ಹಣ್ಣಾದವಂತೆ. ಎಲ್ಲಾ ಅಲ್ಲೇ ಅವರೆ."

ಉಷಾಳ ಸಿಟ್ಟು ನೆತ್ತಿಗೇರಿತು. ಕೈಮುಗಿದು ಹೇಳಿದ್ದಕ್ಕೆ ಈ ಬೆಲೆಯೆ? ದೊಡ್ಡರಂಗಪ್ಪನನ್ನು ಕರೆದುಕೊಂಡು ಒಂದು ಆಟೋ ಹತ್ತಿದಳು. ರೊಳ್ಳದ ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಲೆಕ್ಕ ಹಾಕಿಕೊಂಡಳು. ಬಂದ ಮಾತೆಲ್ಲ ಅವಳ ಸ್ವಂತದ್ದು, ರಾಯದುರ್ಗದ ಓಣಿಯ ನಲ್ಲಿಯ ಮುಂದೆ ಕಲಿತದ್ದು. ಸಿನಿಮಾವೂ ಬೇಕಾಗಲಿಲ್ಲ, ನಾಟಕವೂ ಬೇಕಾಗಲಿಲ್ಲ.

ನಾಗಕ್ಕನ ಮನೆ ಊರ ಹೊರಗೆ, ಹಿಪ್ಪುನೇರಳೆ ತೋಟದ ಅಂಚಿಗೆ. ಮನೆಗಿಂತ ಹುಳದ ಮನೆಯೇ ದೊಡ್ಡದು. ಬಾಗಿಲಿಗೆ ಬಂದ ಉಷಾ ಬಾಯಿ ತೆರೆದವಳು ಹಾಗೆಯೇ ನಿಂತಳು. ಒಳಗೆ ಅಟ್ಟದ ಮೇಲೆ ಅಟ್ಟ, ಅಟ್ಟದ ತುಂಬ ಬೆರಳುದ್ದದ ಹುಳ. ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಏನೋ ಹುಡುಕುತ್ತಿದ್ದವು. ಮೈ ಬೆಳ್ಳಗಿದ್ದದ್ದು ಹೋಗಿ, ಬೆಳಕಿಗೆ ಹಿಡಿದ ದ್ರಾಕ್ಷಿಯಂತೆ ಹಳದಿಯಾಗಿ ಹೊಳೆಯುತ್ತಿತ್ತು. ಅವಳ ಯೂನಿಟ್ಟಿನ ಹೆಂಗಸರೆಲ್ಲ ಸೆರಗು ಬಿಗಿದು, ಹಣ್ಣಾದ ಹುಳವನ್ನು ಒಂದೊಂದೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಹುಳ ಗೂಡು ಕಟ್ಟುವುದು ಆ ಚಂದ್ರಿಕೆಯ ಸುತ್ತುಗಳಲ್ಲಿ. ಯಾರ ಕೈಯೂ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ಯಾರೂ ಹರಟುತ್ತಿರಲಿಲ್ಲ. ಇವರು ಇಷ್ಟು ಚುರುಕಾಗಿ ಕೆಲಸ ಮಾಡುವುದನ್ನು ಉಷಾ ಎರಡು ತಿಂಗಳಲ್ಲಿ ಒಂದು ದಿನವೂ ನೋಡಿರಲಿಲ್ಲ.

ನಾಗಕ್ಕ ತಲೆಯೆತ್ತಿ ನೋಡಿದಳು. ಅವಳ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಬೈಯಾದಿದ್ರೆ ಆಮೇಲೆ ಬೈಯಮ್ಮ. ನಾಳೆ ಆಗ್ತವೆ ಅಂದ್ಕಂಡಿದ್ದೆ, ಇವತ್ತೇ ಆಗೋದ್ವು. ಈಗ ಬಿಡ್ಲಿಲ್ಲ ಅಂದ್ರೆ ಎಲ್ಲೆಂದ್ರಲ್ಲಿ ನೂಲು ಸುರಿದು ಹಾಳಾಗೋಗ್ತವೆ. ಒಂದು ತಿಂಗಳು ಮಕ್ಕಳಂಗೆ ನೋಡ್ಕಂಡಿದೀನಿ."

"ಆದ್ರ ಇವ್ರೆಲ್ಲಾ ಯಾಕ್ರಿ? ಇವ್ರ ಮನ್ಯಾಗೂ ಹಣ್ಣಾಗ್ಯಾವಾ?"

"ಮುಯ್ಯಾಳು ಕಣಮ್ಮ," ಅಂದಳು ಈಶ್ವರಮ್ಮ, ಕೈ ನಿಲ್ಲಿಸದೆ. "ನಮ್ಮ ಮನೇಲಿ ಹಣ್ಣಾದಾಗ ಅವ್ಳು ಬಂದಿದ್ಲು. ಇವತ್ತು ನಾವು ಬಂದೀವಿ. ಕೂಲಿ ಕೊಟ್ಟು ಕರೆದ್ರೆ ಈ ಹೊತ್ತಲ್ಲಿ ಯಾರು ಸಿಗ್ತಾರೆ?"

ಉಷಾ ಲೆಕ್ಕ ಹಾಕಿಕೊಂಡು ಬಂದ ಮಾತೆಲ್ಲ ಗಂಟಲಲ್ಲೇ ಇತ್ತು. ಆದರೆ ಅದನ್ನು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹಣ್ಣಾದ ಹುಳವೊಂದು ಅಟ್ಟದ ಅಂಚಿಗೆ ಬಂದು ಕೆಳಗೆ ಬೀಳುವಂತೆ ತೂಗಾಡಿತು. ಯೋಚಿಸುವುದರೊಳಗೆ ಅವಳ ಕೈ ಮುಂದಕ್ಕೆ ಹೋಯಿತು. ಅವಳು ಹುಳು ಹುಪ್ಪಡಿಗೆ ಕಿರುಚುವ ಪೈಕಿ. ಅಂಗೈಯಲ್ಲಿ ಬಿದ್ದದ್ದು ತಣ್ಣಗೆ, ಮೆತ್ತಗೆ, ಒದ್ದೆಯಿಲ್ಲದ ಬೆಣ್ಣೆಯಂತಿತ್ತು. ಕಿರುಚಲು ಮರೆತುಹೋಯಿತು.

"ಎಲ್ಲಿ ಬಿಡ್ಲಿ ಇದನ್ನ?"

"ಇಲ್ಲಿ, ಈ ಸಂದಿಗೆ. ಒತ್ತಬ್ಯಾಡ," ಅಂದಳು ಶೃತಿ, ಮೇಡಂ ಎನ್ನುವುದನ್ನು ಬಿಟ್ಟು.

ಆಮೇಲೆ ಉಷಾ ಸೆರಗು ಬಿಗಿದಳು. ಯಾವುದು ಹಣ್ಣು, ಯಾವುದು ಇನ್ನೂ ಕಾಯಿ ಎನ್ನುವುದು ಮೊದಮೊದಲು ತಿಳಿಯದೆ ಕಾಯಿ ಹುಳಗಳನ್ನೇ ಚಂದ್ರಿಕೆಗೆ ಬಿಟ್ಟಳು. ನಾಗಕ್ಕ ಅವನ್ನು ತೆಗೆದು ತೆಗೆದು ವಾಪಸು ಅಟ್ಟಕ್ಕೆ ಹಾಕಿದಳು. ಬಯ್ಯಲಿಲ್ಲ. ಬೆಳಕಿಗೆ ಹಿಡಿದು ತೋರಿಸಿ, "ಕತ್ತು ನೋಡಮ್ಮ, ಕತ್ತು ತಿಳಿಯಾಗಿರ್ಬೇಕು," ಅಂದಳು. ಇನ್ನೊಂದು ಸಲ ತಪ್ಪಿದಾಗ ಇನ್ನೊಂದು ಸಲ ಹಾಗೆಯೇ ತೋರಿಸಿದಳು. ಸೊಂಟಪಟ್ಟಿ ತಪ್ಪಾಗಿ ಕೂರಿಸಿದವರಿಗೆ ತಾನು ಪ್ಯಾಂಟನ್ನು ಮೇಜಿಗೆ ಬಡಿದು ಹೇಳುತ್ತಿದ್ದದ್ದು ಉಷಾಳಿಗೆ ನೆನಪಾಗಿ ಮುಖ ಬಿಸಿಯಾಯಿತು. ದೊಡ್ಡರಂಗಪ್ಪ ಚಂದ್ರಿಕೆಗಳನ್ನು ಹೊತ್ತು ನೆರಳಿಗೆ ಸಾಗಿಸುತ್ತಿದ್ದ. ನಡುವೆ ನಾಟಕದ ಒಂದು ಕಂದಪದ್ಯ ಎತ್ತಿಕೊಂಡ. ಹುಳಕ್ಕೆ ಸದ್ದು ಆಗದು ಅಂತ ಈಶ್ವರಮ್ಮ ಗದರಿದ ಮೇಲೆ ರಾಜನೂ ತೆಪ್ಪಗಾದ.

ಇತ್ತ ಚಂದ್ರಶೇಖರಯ್ಯನವರು ಮಡಕಶಿರಕ್ಕೆ ಬಂದಿಳಿದರೆ ಯೂನಿಟ್ಟು ಹೆಚ್ಚುಕಡಿಮೆ ಖಾಲಿ. ಉಷಾಳ ಫೋನು ಬ್ಯಾಗಿನಲ್ಲಿ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗಿತ್ತು. ವಿಚಾರಿಸಿಕೊಂಡು ಕಾರು ತಿರುಗಿಸಿ ಹಳ್ಳಿಗೇ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಹುಳದ ಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಉಷಾ ಆಗ ಒಳಗಿನ ಅಟ್ಟದ ಹಿಂದಿದ್ದಳು.

ಈಶ್ವರಮ್ಮನಿಗೆ ಅವರು ಯಾರೆಂದು ಗೊತ್ತಿಲ್ಲ. ಮುಯ್ಯಿಗೆ ಬಂದ ಯಾರದೋ ನೆಂಟರೆಂದುಕೊಂಡಳು.

"ನಿಂತ್ಕಂಡು ಏನ್ ನೋಡ್ತೀಯಪ್ಪ? ಹಿಡಕೋ ಇದನ್ನ. ಅಲ್ಲಾಡಿಸ್ಬೇಡ."

ಹುಳ ತುಂಬಿದ ಚಂದ್ರಿಕೆಯೊಂದನ್ನು ಅವರ ಎರಡು ಕೈಗೆ ಕೊಟ್ಟು ಒಳಗೆ ಹೋದಳು. ಚಂದ್ರಶೇಖರಯ್ಯನವರು ಹಿಡಿದುಕೊಂಡು ನಿಂತರು. ಕೆಳಗಿಡಲು ಜಾಗವಿಲ್ಲ, ಬಿಡಲು ಧೈರ್ಯವಿಲ್ಲ. ಗೂಡು ಕಟ್ಟುವ ಮುಂಚೆ ಹುಳ ಮೈಯೊಳಗಿನ ನೀರೆಲ್ಲ ಹೊರಗೆ ಹಾಕುತ್ತದೆ ಎನ್ನುವುದು ಅವರಿಗೆ ತಿಳಿಯದು. ಉಷಾ ಹೊರಗೆ ಬರುವ ಹೊತ್ತಿಗೆ ಅವರ ಬಿಳಿ ಅಂಗಿಯ ಮೇಲೆ ಹನಿ ಹನಿಯಾಗಿ ಬೀಳುತ್ತಿತ್ತು.

"ಉಷಮ್ಮ," ಅಂದರು, ಕದಲದೆ. "ಇವು ಏನೋ ಮಾಡಾಕತ್ಯಾವು ನನ್ನ ಮ್ಯಾಲೆ."

ಉಷಾ ಚಂದ್ರಿಕೆ ಇಸಿದುಕೊಂಡಳು. ಅವರು ಬಯ್ಯುತ್ತಾರೆಂದು ಕಾದಳು. ಅವರು ಅಂಗಿ ಒರೆಸಿಕೊಂಡು, ಹುಳದ ಮನೆಯನ್ನು ಒಮ್ಮೆ, ತಮ್ಮ ಯೂನಿಟ್ಟಿನ ಹೆಂಗಸರನ್ನು ಒಮ್ಮೆ ನೋಡಿದರು. ಬೆಳಗಿನ ವಿಡಿಯೊದಲ್ಲಿ ಇದಕ್ಕೆ ಸರಿಹೊಂದುವಂಥದ್ದು ಏನಾದರೂ ಇತ್ತೋ ಅಂತ ನೆನೆಸಿಕೊಳ್ಳುತ್ತಿದ್ದರೇನೋ. ಇದ್ದಂತೆ ಕಾಣಲಿಲ್ಲ. "ಗುರುವಾರ ಲಾರಿ ಬರ್ತೈತ್ರಿ," ಅಂದರು ಅಷ್ಟೆ, ಮತ್ತು ತೋಟದ ಬದುವಿನ ಮೇಲೆ ಹೋಗಿ ಕೂತರು.

ಕೊನೆಯ ಅಟ್ಟ ಖಾಲಿಯಾದಾಗ ಹೊತ್ತು ನೆತ್ತಿ ದಾಟಿತ್ತು. ನಾಗಕ್ಕ ಎಲ್ಲರಿಗೂ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ಚಂದ್ರಶೇಖರಯ್ಯನವರಿಗೂ ಬದುವಿಗೇ ತಟ್ಟೆ ಹೋಯಿತು. ಊಟ ಮುಗಿಸಿ ಕೈ ತೊಳೆಯುತ್ತ ಉಷಾ, ಇನ್ನು ಲಾರಿಯನ್ನು ನಿಲ್ಲಿಸಿ ಅಂತ ಅವರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಳು. ಆಗ ನಾಗಕ್ಕ ಬಂದು ಪಕ್ಕದಲ್ಲಿ ನಿಂತಳು.

"ನಡಿಯಮ್ಮ, ಹೋಗಾನ."

"ಎಲ್ಲಿಗ್ರಿ?"

"ಯೂನಿಟ್ಟಿಗೆ. ನೀನು ಮುಯ್ಯಾಳು ಬಂದೀಯ. ನಾವು ತೀರಿಸ್ಬೇಕಲ್ಲ? ನಿನ್ನ ಸಾವ್ಕಾರ್ರೂ ಬಂದು ಚಂದ್ರಿಕೆ ಹಿಡ್ದವ್ರೆ. ಎರಡಾಳು ಮುಯ್ಯಿ ಆಯ್ತು."

"ನೀವು ನಿದ್ದಿ ಮಾಡಿಲ್ಲಲ್ರಿ."

"ಹುಳ ಗೂಡಿಗೆ ಕೂತ ಮೇಲೆ ನಿದ್ದೆ ಎಲ್ಲಿಗೋಗ್ತದೆ, ಬರ್ತದೆ ಬಿಡು."

ಆ ಮಧ್ಯಾಹ್ನ ಚಂದ್ರಶೇಖರಯ್ಯನವರ ಕಾರಿನಲ್ಲಿ ಹಿಡಿದಷ್ಟು ಹೆಂಗಸರು, ಆಟೋದಲ್ಲಿ ಉಳಿದವರು, ದೊಡ್ಡರಂಗಪ್ಪ ಆಟೋದ ಹಿಂದೆ ನೇತಾಡಿಕೊಂಡು, ಎಲ್ಲ ಮಡಕಶಿರಕ್ಕೆ ಬಂದರು. ಬುಧವಾರ ಮೊದಲ ಬಸ್ಸಿನಿಂದ ಅವರೆಲ್ಲ ಇಳಿದಾಗ ಉಷಾಳೇ ಇನ್ನೂ ಬಂದಿರಲಿಲ್ಲ. ಗುರುವಾರ ಲಾರಿ ತುಂಬಿ ಹೋಯಿತು.

ಅದಾದ ಮೇಲೆ ಎಲ್ಲವೂ ಒಂದೇ ಸಲ ನೆಟ್ಟಗಾಯಿತು ಅಂತಲ್ಲ. ತಡವಾಗಿ ಬರುವವರು ಈಗಲೂ ಇದ್ದಾರೆ. ಆದರೆ ಉಷಾ ಈಗ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಯಾರ ಮನೆಯಲ್ಲಿ ಹುಳ ಎಷ್ಟನೇ ಜ್ವರದಲ್ಲಿವೆ ಅಂತ ವಿಚಾರಿಸುತ್ತಾಳೆ. ಎಲ್ಲರೂ ಒಂದೇ ಸಲ ಹುಳ ತರದೆ ಹಿಂದೆ ಮುಂದೆ ಮಾಡಿ ತರುವುದೆಂದು ಮಾತಾಯಿತು. ಜ್ವರದ ದಿನ ಹೆಚ್ಚು ಹೊತ್ತು ಕೆಲಸ, ಹಣ್ಣಾದ ದಿನ ಅರ್ಧ ಯೂನಿಟ್ಟು ಹಳ್ಳಿಗೆ. ಅವಳ 'ರಿ' ಹೋಗಲಿಲ್ಲ. ಹೆಂಗ್ಸು ಒಳ್ಳೇದು, ಬಾಯಿಗೆ ಅಭ್ಯಾಸ ಹಂಗೈತೆ ಅಷ್ಟೇ ಅಂತ ಈಶ್ವರಮ್ಮ ಹೊಸಬರಿಗೆ ಸಮಜಾಯಿಷಿ ಹೇಳುತ್ತಾಳೆ.

ಚಂದ್ರಶೇಖರಯ್ಯನವರು ಸುಮ್ಮನಿರುವವರಲ್ಲ. ರಾಯದುರ್ಗದ ಯೂನಿಟ್ಟಿನ ಮಾಳಿಗೆಯಲ್ಲಿ ಮೈಕು, ಶಾಮಿಯಾನ ಹಾಕಿಸಿ, ಸೂಪರ್‌ವೈಸರುಗಳನ್ನೆಲ್ಲ ಸೇರಿಸಿ, ನಾಯಕತ್ವದ ಬಗ್ಗೆ ಉಷಮ್ಮ ಮಾತಾಡುತ್ತಾರೆ ಅಂತ ಸಾರಿದರು. ಮಾರೇಶ ಮೊದಲ ಸಾಲಿನಲ್ಲಿ ಕೂತು ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದ. ಉಷಾ ಮೈಕಿನ ಮುಂದೆ ನಿಂತು ಹುಳದ ಕಥೆ ಹೇಳಿದಳು. ಜ್ವರ ಹೇಳಿದಳು, ಸೊಪ್ಪು ಹೇಳಿದಳು, ಮಾತ್ರೆಯದನ್ನೂ ಬಿಡಲಿಲ್ಲ. ಪಾಯಿಂಟು, ಪಾಯಿಂಟು ಹೇಳಿರಿ ಅಂತ ಚಂದ್ರಶೇಖರಯ್ಯ ಪಕ್ಕದಿಂದ ಕೈಸನ್ನೆ ಮಾಡಿದರು. ಅವಳಿಗೆ ಹೇಳಲು ಪಾಯಿಂಟು ಯಾವುದೂ ಇರಲಿಲ್ಲ.

ಮಡಕಶಿರ ತಪ್ಪಿದ ಸಂಕಟ ಇನ್ನೂ ಆರದ ಸುಂಕಪ್ಪ ಎದ್ದು ನಿಂತ. "ಮೇಡಮ್ಮರ, ನಮ್ಮ ಯೂನಿಟ್ನಾಗ ಹುಳ ಸಾಕೋರು ಯಾರೂ ಇಲ್ರಿ. ಇದರಾಗ ನಮಗೇನು ಪಾಠ?"

ಉಷಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಾರ ಮನ್ಯಾಗೂ ಒಂದೊಂದು ಹುಳ ಇರ್ತೈತ್ರಿ ಸುಂಕಪ್ಪಣ್ಣ. ಯಾವ್ದು ಅಂತ ಕೇಳ್ಬೇಕು, ಅಷ್ಟ."

ಜನ ಚಪ್ಪಾಳೆ ಹೊಡೆದರು. ಸುಂಕಪ್ಪನೂ ಹೊಡೆದ.

ಮರುದಿನ ಮಡಕಶಿರದಲ್ಲಿ ಮಷೀನುಗಳು ಜೋರಾಗಿ ಓಡುತ್ತಿದ್ದಾಗ ಉಷಾಳ ಫೋನು ಹೊಡೆದುಕೊಂಡಿತು. ಸುಂಕಪ್ಪ. ಪಿಸುದನಿಯಲ್ಲಿ ಮಾತಾಡುತ್ತಿದ್ದ.

"ನಮ್ಮ ರೇಖಾ ದಿನಾ ತಡಾ ಮಾಡಿ ಬರ್ತಾಳಲ್ರಿ. ನೀವು ಹೇಳಿದಂಗ, ಯಾಕ ಅಂತ ಕೇಳಿದೆ."

"ಏನಂದ್ಲು?"

"ಇನ್ನೂ ಹೇಳಾಕತ್ಯಾಳ್ರಿ. ಅತ್ತಿದು ಮುಗೀತು, ಈಗ ನಾದಿನಿದು ನಡದೈತಿ. ಮಷೀನೆಲ್ಲಾ ನಿಂತಾವು, ಯೂನಿಟ್ಟಿಗೆ ಯೂನಿಟ್ಟ ಬಂದು ಸುತ್ತ ಕುಂತೈತಿ. ನಾ ಈಗ ಏನ್ ಮಾಡ್ಲಿ?"

"ನಡುವ ಏಳಬ್ಯಾಡ್ರಿ. ಪೂರ್ತಿ ಕೇಳ್ರಿ."

ಹಿಂದಿನಿಂದ ರೇಖಾಳ ದನಿ ಏರುತ್ತ ಬರುತ್ತಿತ್ತು. ನಾದಿನಿ ಸೀರೆಯ ವಿಷಯದಲ್ಲಿ ಏನೋ ಅಂದಿದ್ದಳು. ಉಷಾ ಫೋನಿನ ಸ್ಪೀಕರು ಹಾಕಿ, ಚೆಕಿಂಗ್ ಟೇಬಲ್ಲಿನ ಮೇಲಿಟ್ಟು ಕಿವಿಗೊಟ್ಟಳು. ಅವಳ ಪಕ್ಕದಲ್ಲಿ ಶೃತಿ ಬಂದು ನಿಂತಳು, ಆಮೇಲೆ ಈಶ್ವರಮ್ಮ. ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ದೊಡ್ಡರಂಗಪ್ಪನೂ ಬಂದ. ನಾಗಕ್ಕ ಮಷೀನಿನ ಗಾಲಿಗೆ ಕೈಕೊಟ್ಟು ನಿಲ್ಲಿಸಿ, ಅಲ್ಲಿಂದಲೇ ಹೇಳಿದಳು.

"ಸ್ವಲ್ಪ ಜೋರಾಗಿ ಇಡಮ್ಮ. ನಮಗೂ ಕೇಳ್ಲಿ."